ಜರ್ಮನಿಗಿಂತ ದುಬಾರಿ ಬಲ್ಬು

ನನ್ನ ಎಡಗೈಯ ಕೊನೆಯ ಎರಡು ಬೆರಳು ಮಡಿಸಲು ಬರುವುದಿಲ್ಲ. ರೊಟ್ಟಿ ತಟ್ಟುವಾಗ ಅವೆರಡೂ ಮದುವೆಯಲ್ಲಿ ಮುನಿಸಿಕೊಂಡ ಬೀಗರ ಹಾಗೆ ಸೆಟೆದುಕೊಂಡು ದೂರ ನಿಂತಿರುತ್ತವೆ. ಕೇಳಿದವರಿಗೆಲ್ಲ ಬಾಗಿಲ ಸಂದಿಗೆ ಸಿಕ್ಕಿತು ಎನ್ನುತ್ತೇನೆ. ಸುಳ್ಳೇನಲ್ಲ. ಆದರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳಲಿಲ್ಲ. ಒಬ್ಬ ಗಂಡಸು ಮೈಭಾರವನ್ನೆಲ್ಲ ಹಾಕಿ ಒತ್ತಿದ್ದ. ಅಷ್ಟು ಹೊತ್ತಿಗೆ ನಾನೂ ಅವನ ಕಿವಿ ಹರಿದು ರಕ್ತ ಬರಿಸಿದ್ದೆ. ಅಷ್ಟೆಲ್ಲ ಆದದ್ದು ಒಂದು ಅರವತ್ತು ಕ್ಯಾಂಡಲ್ ಬಲ್ಬಿನ ಸಲುವಾಗಿ.

ಎಪ್ಪತ್ತರ ದಶಕದ ನಡುವಿನ ಮಾತು. ನಾವಿದ್ದದ್ದು ರಾಜಾಜಿನಗರದ ಒಂದು ವಠಾರದಲ್ಲಿ. ಎದುರುಬದುರು ಎರಡು ಸಾಲು ಮನೆ, ನಡುವೆ ಒಂದು ನಲ್ಲಿ, ನಲ್ಲಿಯ ಪಕ್ಕ ಬಟ್ಟೆ ಒಗೆಯುವ ಕಲ್ಲು, ತಲೆಯ ಕಡೆ ಓನರ್ ಮನೆ. ಇಡೀ ವಠಾರಕ್ಕೆ ಒಂದೇ ಮೀಟರು, ಅದು ಅವನ ಹೆಸರಿನಲ್ಲಿ. ಅವನ ಜಗಲಿಯ ಗೋಡೆಗೆ ಒಂದು ಮರದ ಹಲಗೆ ಹೊಡೆದು, ಮನೆಗೊಂದರಂತೆ ಪಿಂಗಾಣಿಯ ಫ್ಯೂಸು ಸಾಲಾಗಿ ಕೂರಿಸಿದ್ದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದು ಒಂದೊಂದಾಗಿ ಸಿಕ್ಕಿಸುತ್ತಿದ್ದ, ಊಟದ ಹೊತ್ತು ಕಳೆಯುತ್ತಿದ್ದಂತೆ ಎಲ್ಲವನ್ನೂ ಕಿತ್ತು ಹಳೇ ಬಿಸ್ಕತ್ತಿನ ಡಬ್ಬಿಗೆ ಹಾಕಿಕೊಂಡು ಒಳಗೆ ಹೋಗುತ್ತಿದ್ದ. ಹಗಲು ಅವನ ಮನೆಗೆ ಮಾತ್ರ ಕರೆಂಟು, ಅವನ ರೇಡಿಯೋ ಮಾತ್ರ ಹಾಡುತ್ತಿತ್ತು. ಬಾಡಿಗೆಯ ಮೇಲೆ ಬಲ್ಬಿಗೆ ಇಷ್ಟು ಎಂದು ಬೇರೆ ಕೊಡಬೇಕು. ಇಸ್ತ್ರಿಪೆಟ್ಟಿಗೆಯ ಹೆಸರೆತ್ತಿದರೆ ಮನೆ ಖಾಲಿ ಮಾಡಿ ಎನ್ನುತ್ತಿದ್ದ.

ನಮ್ಮ ಯಜಮಾನರು ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಅಲ್ಲಿಗೆ ಹೊಸ ಮೆಷಿನ್ನು ಬಂದಾಗಲೆಲ್ಲ ಅದನ್ನು ಕೂರಿಸಿಕೊಡಲು ಆಯಾ ದೇಶದ ಎಂಜಿನಿಯರು ಬರುತ್ತಿದ್ದರು. ಬೇರೆಯವರು ಅವರ ಹತ್ತಿರ ಸಿಗರೇಟು ಕೇಳುತ್ತಿದ್ದರಂತೆ, ಪೆನ್ನು ಕೇಳುತ್ತಿದ್ದರಂತೆ. ನಮ್ಮವರು ಕೇಳುತ್ತಿದ್ದದ್ದು ಒಂದೇ: ನಿಮ್ಮ ಮನೆಯಲ್ಲಿ ಕರೆಂಟಿಗೆ ಎಷ್ಟು ಕೊಡುತ್ತೀರಿ? ಮಾರ್ಕು, ಯೆನ್ನು, ರೂಬಲ್ಲು ಎಂದರೆ ತಲೆಗೆ ಹತ್ತುವುದಿಲ್ಲ ಎಂದು ತಾವೇ ಒಂದು ಅಳತೆ ಮಾಡಿಕೊಂಡಿದ್ದರು. ಒಂದು ಬಲ್ಬು ತಿಂಗಳಿಡೀ ಸಂಜೆ ಹೊತ್ತು ಉರಿಯಬೇಕಾದರೆ ನೀನು ಎಷ್ಟು ಹೊತ್ತು ದುಡಿಯಬೇಕು? ಜರ್ಮನಿಯವನು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಎಂದನಂತೆ. ಜಪಾನಿನವನು ತುಂಬ ಯೋಚಿಸಿ, ಊಟದ ಬಿಡುವಿನಷ್ಟು ಎಂದನಂತೆ. ರಷ್ಯಾದವನು ಆ ಯೋಚನೆಯನ್ನೇ ಮಾಡಿಲ್ಲ ಎಂದು ನಕ್ಕುಬಿಟ್ಟನಂತೆ. ಸರಕಾರದ ದರದಲ್ಲಿ ಕೊಟ್ಟರೆ ನಮಗೂ ಅರ್ಧ ದಿನ ಸಾಕು, ಅದೇ ಕರೆಂಟು ಓನರ್ ಜಗಲಿ ದಾಟಿ ನಮ್ಮ ಮನೆಗೆ ಬರುವಷ್ಟರಲ್ಲಿ ಎರಡು ಪಾಳಿ ದುಡಿಯಬೇಕು ಎಂದು ಇವರು ಲೆಕ್ಕ ಹಾಕಿದ್ದರು. ಇದನ್ನು ಊಟಕ್ಕೆ ಕೂತಾಗಲೆಲ್ಲ ನನಗೆ ಹೇಳುವುದು. ನನಗೋ ಮೈ ಉರಿಯುತ್ತಿತ್ತು. ಜರ್ಮನಿ ಕಟ್ಟಿಕೊಂಡು ನನಗೇನಾಗಬೇಕು, ಹೋಗಿ ಆ ಮನುಷ್ಯನ ಹತ್ತಿರ ಮಾತಾಡಿ ಎನ್ನುತ್ತಿದ್ದೆ. ಮಾತಾಡಲು ಇವರಿಗೆ ಧೈರ್ಯವಿರಲಿಲ್ಲ.

ಆ ವರ್ಷ ಚಳಿಗಾಲದಲ್ಲಿ ನನ್ನ ಮಗಳು ಏಳು ತಿಂಗಳಿಗೇ ಹುಟ್ಟಿದಳು. ಅಂಗೈ ಮೇಲೆ ಮಲಗಿಸಬಹುದು, ಅಷ್ಟೇ ಇದ್ದಳು. ಚರ್ಮದೊಳಗೆ ರಕ್ತ ಓಡುವುದು ಕಾಣುತ್ತಿತ್ತು. ಆಸ್ಪತ್ರೆಯಲ್ಲಿ ಅಂಥ ಕೂಸುಗಳನ್ನು ಇಡುವ ಗಾಜಿನ ಪೆಟ್ಟಿಗೆ ಖಾಲಿಯಿರಲಿಲ್ಲ. ಕೆಲವು ದಿನ ನೋಡಿಕೊಂಡು, ಇನ್ನು ಮನೆಯಲ್ಲೇ ಉಳಿಸಿಕೊಳ್ಳಬೇಕು ಎಂದು ಕಳಿಸಿದರು. ಡಾಕ್ಟರಮ್ಮ ಹೇಳಿದ್ದು ಇಷ್ಟು: ಬಿದಿರು ಬುಟ್ಟಿಗೆ ಹತ್ತಿ ತುಂಬಿ ಮಗುವನ್ನು ಅದರಲ್ಲಿ ಮಲಗಿಸಿ, ಗೇಣು ಮೇಲಕ್ಕೆ ಅರವತ್ತು ಕ್ಯಾಂಡಲ್ ಬಲ್ಬು ಇಳಿಬಿಡಿ, ಹಗಲೂ ರಾತ್ರಿ ಉರಿಯುತ್ತಿರಲಿ, ಆಗಾಗ ಪಾದ ಮುಟ್ಟಿ ನೋಡಿ. ಪಾದ ತಣ್ಣಗಾದರೆ ಮಗು ಕೈಬಿಟ್ಟುಹೋಗುತ್ತೆ ಎಂದು ಆಕೆ ನೆಟ್ಟಗೆ ಮುಖ ನೋಡಿಯೇ ಹೇಳಿದ್ದರು. ಅಂದಿನಿಂದ ನಾನು ಉಣ್ಣುತ್ತಿದ್ದರೂ ನನ್ನ ಒಂದು ಕೈ ಆ ಪಾದದ ಮೇಲೇ ಇರುತ್ತಿತ್ತು.

ಹಗಲೂ ರಾತ್ರಿ ಕರೆಂಟು ಬೇಕು ಎಂದು ಯಜಮಾನರು ಓನರ್ ಕಾಲು ಹಿಡಿಯುವುದೊಂದು ಬಾಕಿ. ಮೂರು ಪಟ್ಟು ಕೊಡಬೇಕು ಎಂದ. ಒಪ್ಪಿಕೊಂಡೆವು. ಮಗು ಕಣ್ಣು ಬಿಟ್ಟು ನೋಡಲು ಶುರುಮಾಡಿತು. ಬಲ್ಬನ್ನೇ ನೋಡುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ವಠಾರದವರು ನಲ್ಲಿಯ ಹತ್ತಿರ ಸೇರಿದ್ದರು. ಓನರು ಜಗಲಿಗೆ ಬಂದು, ಜೋಗದಲ್ಲಿ ನೀರಿಲ್ಲ, ಕರೆಂಟಿನ ರೇಟು ಏರುತ್ತದೆ, ಮುಂದಿನ ತಿಂಗಳಿಂದ ಬಲ್ಬಿಗೆ ಇನ್ನಷ್ಟು ಕೊಡಬೇಕು, ಹಗಲು ಉರಿಸುವವರು ಅದರ ಎರಡರಷ್ಟು ಕೊಡಬೇಕು ಎಂದ. ಹಗಲು ಉರಿಸುವವರು ಅಂದರೆ ನಾವೊಬ್ಬರೇ. ಆಗ ನಮ್ಮ ಯಜಮಾನರಿಗೆ ಅದೇನು ಬುದ್ಧಿ ಬಂತೋ, ಕೈಯಲ್ಲಿ ಬಿಂದಿಗೆ ಹಿಡಿದುಕೊಂಡೇ, ಬಲು ವಿನಯವಾಗಿ ಶುರುಮಾಡಿದರು. ನ್ಯಾಯವಾಗಿ ಹೇಳಿದರೆ ಎಂಥವರೂ ಕೇಳುತ್ತಾರೆ ಎಂದು ನಂಬಿದ್ದ ಮನುಷ್ಯ.

“ಸಾರ್, ನಾನು ಜರ್ಮನಿಯವರನ್ನ ಕೇಳಿದೀನಿ, ಜಪಾನಿನವರನ್ನ ಕೇಳಿದೀನಿ. ಪ್ರಪಂಚದಲ್ಲಿ ಎಲ್ಲೂ ಕರೆಂಟಿಗೆ ಈ ರೇಟಿಲ್ಲ ಸಾರ್. ನಿಮ್ಮ ಜಗಲಿ ಮೇಲೆ ಮಾತ್ರ ಇರೋದು.”

ಹೆಂಗಸರು ಕಿಸಕ್ಕನೆ ನಕ್ಕರು. ಒಬ್ಬಳು ನಕ್ಕಳು, ಅದನ್ನು ನೋಡಿ ಇನ್ನೊಬ್ಬಳು, ಆಮೇಲೆ ನಲ್ಲಿಯ ಸುತ್ತ ಇದ್ದವರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು. ಅವನ ಮುಖ ಕಪ್ಪಿಟ್ಟಿತು. ನೇರ ಹಲಗೆಯ ಹತ್ತಿರ ಹೋದ, ನಮ್ಮ ಮನೆಯ ಫ್ಯೂಸು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡ.

“ಹಂಗಾದ್ರೆ ಜರ್ಮನಿಯಿಂದಲೇ ವೈರ್ ಎಳ್ಕೊಳ್ರೀ,” ಅಂದ.

ನಾನು ಆಗ ನಮ್ಮ ಬಾಗಿಲಲ್ಲಿ ಇದ್ದಿಲೊಲೆ ಊದುತ್ತಾ ಕೂತಿದ್ದೆ. ಒಳಗೆ ಬುಟ್ಟಿಯ ಮೇಲಿನ ಬೆಳಕು ಹೋಯಿತು. ಎದುರು ಮನೆ ಅಜ್ಜಿ ಮಗುವಿನ ಪಕ್ಕ ಕೂತಿದ್ದವರು ಕೂಗಿಕೊಂಡರು. ನನ್ನ ಪಿತ್ತ ನೆತ್ತಿಗೇರಿತು. ಕೈಯಲ್ಲಿದ್ದ ಕಬ್ಬಿಣದ ಊದುಗೊಳವೆ ಹಾಗೇ ಹಿಡಿದು ಎದ್ದೆ. ಬಾಣಂತಿ ಅನ್ನುವುದು ಮರೆತೇಹೋಯಿತು. ಯಜಮಾನರು ಅಷ್ಟರಲ್ಲಿ ಕೈಮುಗಿದು ತಪ್ಪಾಯ್ತು ಸಾರ್, ಮಗು ಇದೆ ಸಾರ್ ಎನ್ನುತ್ತಿದ್ದರು. ಅವರನ್ನು ಪಕ್ಕಕ್ಕೆ ತಳ್ಳಿ ಜಗಲಿ ಹತ್ತಿ ಫ್ಯೂಸು ಕೊಡು ಅಂದೆ. ಅವನು ಬೆನ್ನು ತಿರುಗಿಸಿ ಬಾಗಿಲ ಕಡೆ ನಡೆದ. ಊದುಗೊಳವೆ ಬೀಸಿದೆ. ಕಿವಿಗೆ ಬಿತ್ತು.

ಅವನು ತಿರುಗಿದವನೇ ನನ್ನ ಜಡೆ ಹಿಡಿದು ಜಗಲಿಯ ಕಂಬಕ್ಕೆ ಅಪ್ಪಳಿಸಿದ. ಹಣೆ ಒಡೆದು ಕಣ್ಣಿಗೆ ರಕ್ತ ಇಳಿಯಿತು. ಕೊಳವೆ ಕೈಜಾರಿ ಉರುಳಿತು. ಯಜಮಾನರು, ಜನ್ಮದಲ್ಲಿ ಯಾರ ಮೇಲೂ ಕೈಯೆತ್ತದವರು, ಬಂದು ಅವನ ಕಾಲು ತಬ್ಬಿ ಕೆಡವಲು ನೋಡಿದರು. ಅವನು ಎದೆಗೆ ಒದ್ದ ಒದೆತಕ್ಕೆ ಮೆಟ್ಟಿಲಿನಿಂದ ಚರಂಡಿಗೆ ಹೋಗಿ ಬಿದ್ದರು, ಉಸಿರು ಸಿಕ್ಕದೆ ಮೀನಿನ ಹಾಗೆ ಬಾಯಿ ಬಿಡುತ್ತಿದ್ದರು. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವಷ್ಟರಲ್ಲಿ ನಾನು ಎಡಗೈ ಸಂದಿಗೆ ತೂರಿಸಿದೆ. ಕೈ ಇದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಒತ್ತಿದ. ಎಲುಬು ಮುರಿದ ಸದ್ದು ನನಗೇ ಕೇಳಿಸಿತು. ನಾನು ಕೈ ತೆಗೆಯಲಿಲ್ಲ, ಆಮೇಲೆ ತೆಗೆಯಲು ಆಗಲೂ ಇಲ್ಲ. ಕೊನೆಗೆ ಅವನೇ ಬಾಗಿಲು ಹಾರಹೊಡೆದು ಹೊರಗೆ ಬಂದ. ಸೊಂಟದಿಂದ ಫ್ಯೂಸು ತೆಗೆದು, ತಗೋ, ಎಂದು ಬಟ್ಟೆ ಒಗೆಯುವ ಕಲ್ಲಿಗೆ ಎಸೆದ. ಪಿಂಗಾಣಿ ಚೂರುಚೂರಾಗಿ ನಲ್ಲಿಯ ನೀರಿನಲ್ಲಿ ಬಿತ್ತು.

“ಕಾಲು ತಣ್ಣಗಾಗ್ತಿದೆ ಕಣೇ, ಬೇಗ ಬಾರೇ,” ಅಂತ ಒಳಗಿಂದ ಅಜ್ಜಿಯ ದನಿ.

ಓಡಿದೆ. ಅಜ್ಜಿ ಒಲೆಯ ಮೇಲೆ ಬಟ್ಟೆ ಬಿಸಿ ಮಾಡಿ ಮಾಡಿ ಸುತ್ತುತ್ತಿದ್ದರು. ಆ ಚಳಿಗೆ ಬಟ್ಟೆಯ ಬಿಸಿ ಎಷ್ಟು ಹೊತ್ತು ನಿಂತೀತು. ಎದೆಗೆ ಒತ್ತಿಕೊಳ್ಳೋಣ ಎಂದರೆ ನನ್ನ ಮೈ ಬೆವರು, ರಕ್ತ ಎಲ್ಲ ಸೇರಿ ತೊಪ್ಪೆಯಾಗಿತ್ತು. ಬಲಗೈಯಿಂದ ಪಾದ ಹಿಡಿದೆ. ನಿಜಕ್ಕೂ ತಣ್ಣಗಿತ್ತು. ಅಳುವುದನ್ನೂ ಬಿಟ್ಟಿತ್ತು ಮಗು. ಬೇರೆ ಮನೆಗಳ ಫ್ಯೂಸೆಲ್ಲ ಅವನ ಡಬ್ಬಿಯಲ್ಲಿ; ಭಾನುವಾರ, ಕರೆಂಟಿನ ಸಾಮಾನಿನ ಅಂಗಡಿ ಯಾವುದೂ ತೆಗೆದಿರುವುದಿಲ್ಲ. ಹೋಯಿತು, ನನ್ನ ಮಗು ಹೋಯಿತು ಎಂದು ಕೂಗಿದೆ. ಹೊರಗೆ ವಠಾರಕ್ಕೆ ವಠಾರವೇ ನಿಂತು ನೋಡುತ್ತಿತ್ತು. ಅವನ ಮನೆಯಲ್ಲಿ ರೇಡಿಯೋ ಹಾಡುತ್ತಲೇ ಇತ್ತು.

ರೇಡಿಯೋ ನಿಂತಿತು. ಅದರ ಬೆನ್ನಿಗೇ ಬುಟ್ಟಿಯ ಮೇಲೆ ಬಲ್ಬು ಹತ್ತಿಕೊಂಡಿತು.

ಬಾಗಿಲಿಗೆ ಬಂದು ನೋಡಿದರೆ ಹಲಗೆಯ ಮುಂದೆ ಓನರ್ ಹೆಂಡತಿ. ಆಕೆಯ ಬಗ್ಗೆ ಹೇಳಬೇಕು. ಆ ವಠಾರದಲ್ಲಿ ಅಷ್ಟು ದಿನ ಇದ್ದರೂ ನಾನು ಆಕೆಯ ಜತೆ ಒಂದು ಮಾತು ಆಡಿದವಳಲ್ಲ. ನಲ್ಲಿಗೆ ಬರುತ್ತಿರಲಿಲ್ಲ, ಅರಿಶಿನ ಕುಂಕುಮಕ್ಕೆ ಕರೆದರೂ ಬರುತ್ತಿರಲಿಲ್ಲ. ಗೋಡೆಯಾಚೆಯಿಂದ ಏಟಿನ ಸದ್ದು ಬರುತ್ತಿತ್ತು, ಆಕೆಯ ದನಿ ಮಾತ್ರ ಯಾರೂ ಕೇಳಿರಲಿಲ್ಲ. ಅಂಥವಳು ತನ್ನ ಮನೆಯ ಫ್ಯೂಸು ಕಿತ್ತು ನಮ್ಮ ಮನೆಯ ಜಾಗಕ್ಕೆ ಒತ್ತಿ ಕೂರಿಸಿ, ಹಲಗೆಗೆ ಬೆನ್ನು ಕೊಟ್ಟು ನಿಂತುಬಿಟ್ಟಿದ್ದಳು. ಎರಡು ಕೈಯೂ ಹಿಂದಕ್ಕೆ, ಫ್ಯೂಸಿನ ಮೇಲೆ.

ಪಕ್ಕಕ್ಕೆ ಸರಿ ಎಂದ ಅವನು. ಆಕೆ ಸರಿಯಲಿಲ್ಲ. ಕೆಳಗೆ ಬಿದ್ದಿದ್ದ ನನ್ನ ಊದುಗೊಳವೆ ಎತ್ತಿಕೊಂಡ. ಮೊದಲ ಏಟು ಭುಜಕ್ಕೆ, ಎರಡನೆಯದು ಮೊಣಕೈಗೆ, ಮೂರನೆಯದು ಬಾಯಿಗೆ. ಮನುಷ್ಯರಿಗೆ ಹೊಡೆದ ಹಾಗೆ ಹೊಡೆಯಲಿಲ್ಲ ಅವನು, ತೆಂಗಿನಕಾಯಿ ಒಡೆಯುವ ಹಾಗೆ ಹೊಡೆದ. ಆಕೆಯ ತುಟಿ ಹರಿದು ಸೀರೆಯ ಮೇಲೆಲ್ಲ ಕೆಂಪಾಯಿತು. ಬೇರೆ ಯಾರೇ ಆಗಿದ್ದರೂ ಮುಖಕ್ಕೆ ಕೈ ಅಡ್ಡ ತರುತ್ತಿದ್ದರು. ಆಕೆ ಕೈ ಮುಂದಕ್ಕೆ ತರಲಿಲ್ಲ.

ನಾನು ಹೋಗಿ ಅವನ ಬೆನ್ನಿಗೆ ಬಿದ್ದೆ. ಒಂದು ಕೈ ಮುರಿದಿತ್ತು, ಇನ್ನೊಂದರಲ್ಲಿ ಅವನನ್ನು ಹಿಡಿದಿದ್ದೆ, ಹಲ್ಲಿತ್ತು. ಹೆಗಲಿಗೆ ಕಚ್ಚಿದೆ, ಅಂಗಿ ಹರಿದು ಮಾಂಸ ಬಾಯಿಗೆ ಬರುವವರೆಗೂ ಬಿಡಲಿಲ್ಲ. ಈಗ ನೆನೆದರೂ ನನಗೆ ಒಂದಿಷ್ಟೂ ನಾಚಿಕೆಯಿಲ್ಲ, ಇನ್ನೂ ಕಚ್ಚಬೇಕಿತ್ತು ಅನ್ನಿಸುತ್ತದೆ. ಆಗ ಎಚ್ಚರವಾಯಿತು ನೋಡಿ ನಮ್ಮ ವಠಾರದ ಗಂಡಸರಿಗೆ. ಹತ್ತು ಕೈ ಸೇರಿ ಅವನನ್ನು ಎಳೆದು ಅಂಗಳಕ್ಕೆ ಕೆಡವಿದರು. ಆಮೇಲೆ ಅವರು ಅವನಿಗೆ ಹೊಡೆದದ್ದನ್ನು ನಾನು ಬರೆಯುವುದಿಲ್ಲ. ವರ್ಷಗಟ್ಟಲೆ ಕತ್ತಲಲ್ಲಿ ಕೂತವರ ಸಿಟ್ಟೆಲ್ಲ ಅದರಲ್ಲಿತ್ತು, ಸಾಯದೆ ಉಳಿದದ್ದೇ ಅವನ ಪುಣ್ಯ.

ಪೊಲೀಸರು ಬಂದರು, ಎಲ್ಲರಿಗೂ ಬೈದು ಹೋದರು. ಹೊಸ ಫ್ಯೂಸು ಬರುವವರೆಗೂ ಗಂಡಸರು ಪಾಳಿಯ ಮೇಲೆ ಜಗಲಿಯಲ್ಲಿ ಕೂತು ಹಲಗೆ ಕಾದರು. ಯಜಮಾನರು ಎದೆಗೆ ಪಟ್ಟಿ ಸುತ್ತಿಕೊಂಡೇ ಕಾಯಲು ಹೋಗುತ್ತಿದ್ದರು. ಮಗುವಿನ ಪಾದ ಮತ್ತೆ ಬೆಚ್ಚಗಾಗಲು ಮಧ್ಯಾಹ್ನವಾಯಿತು. ಕೆನ್ನೆ ತುಂಬಿಕೊಂಡ ಮೇಲೆ ನಾವು ವಿಜಯನಗರಕ್ಕೆ ಮನೆ ಬದಲಾಯಿಸಿದೆವು. ಸಣ್ಣ ಮನೆ, ಆದರೆ ಅದರದ್ದೇ ಮೀಟರು. ಮೊದಲ ದಿನ ಯಜಮಾನರು ಅದರ ಚಕ್ರ ತಿರುಗುವುದನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ಅವರು ಯಾವ ದೇಶದವನನ್ನೂ ಕರೆಂಟಿನ ರೇಟು ಕೇಳಲಿಲ್ಲ, ಊಟಕ್ಕೆ ಕೂತಾಗ ಜರ್ಮನಿಯ ಸುದ್ದಿಯೂ ಬರಲಿಲ್ಲ.

ಮಗಳು ಓಡಾಡುವಷ್ಟಾದ ಮೇಲೆ ಒಂದು ದಿನ ವಿಜಯನಗರದ ಮಾರ್ಕೆಟ್ಟಿನಲ್ಲಿ ಓನರ್ ಹೆಂಡತಿ ಸಿಕ್ಕಳು. ಸೊಪ್ಪಿನವಳ ಮುಂದೆ ಕೂತು ಕೊತ್ತಂಬರಿ ಆರಿಸುತ್ತಿದ್ದಳು. ಬಲ ಮೊಣಕೈ ಸೊಟ್ಟಗಿತ್ತು, ಚೀಲ ಎಡಗೈಯಲ್ಲಿತ್ತು. ನಾನು ಗುರುತು ಹಿಡಿದು ಅಕ್ಕ ಎಂದೆ. ಎದ್ದು ಬಂದವಳು ನನ್ನನ್ನು ಮಾತಾಡಿಸಲಿಲ್ಲ, ನೇರ ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಚಪ್ಪಲಿ ಬಿಡಿಸಿ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡಳು. ಬಹಳ ಹೊತ್ತು ಹಿಡಿದುಕೊಂಡಿದ್ದಳು. ಬೆಚ್ಚಗಿದೆ ಎಂದಳು. ಅದೇ ಮೊದಲು ನಾನು ಆಕೆಯ ದನಿ ಕೇಳಿದ್ದು. ನನ್ನ ಕಣ್ಣಲ್ಲಿ ನೀರು ಬಂತು.

ಚಪ್ಪಲಿ ಮತ್ತೆ ತೊಡಿಸುತ್ತಾ, ಫ್ಯೂಸಿನ ಡಬ್ಬಿ ಆ ದಿನದಿಂದ ತನ್ನ ಹತ್ತಿರವೇ ಇರುತ್ತದೆ, ವಠಾರದಲ್ಲಿ ಈಗ ಯಾರ ಫ್ಯೂಸನ್ನೂ ಕೀಳುವುದಿಲ್ಲ, ಹಗಲೂ ಕರೆಂಟು ಇರುತ್ತದೆ ಎಂದಳು. ನನಗೆ ಜೀವ ತಂಪಾಯಿತು. ಹಾಗಾದರೆ ಆ ಮನುಷ್ಯ ಸರಿಹೋದ ಅಂದುಕೊಂಡೆ.

“ಈಗ ಹೊಡಿಯಲ್ಲ ಅಲ್ವಾ ಅಕ್ಕ?” ಅಂದೆ.

ಆಕೆ ಎದ್ದು ಸೆರಗು ಸರಿಮಾಡಿಕೊಂಡಳು. ಕತ್ತಿನ ಹತ್ತಿರ ಒಂದು ಹೊಸ ಬಾಸುಂಡೆ ಇತ್ತು.

“ಹೊಡೀತಾರೆ,” ಅಂದಳು. “ಡಬ್ಬಿ ಮಾತ್ರ ಕೊಟ್ಟಿಲ್ಲ.”