ಬಟಾಣಿ ಸುಲಿಯುತ್ತ ಬಿದ್ದ ರೋಮ್

ನನ್ನ ಚಿಕ್ಕಮ್ಮ ವಿಲ್ಮಾಳಿಗೆ ಕೈ ಖಾಲಿ ಇಟ್ಟುಕೊಂಡು ಕೂರಲು ಬರುವುದಿಲ್ಲ. ಚರ್ಚಿನಲ್ಲಿ ಪ್ರಾರ್ಥನೆ ನಡೆಯುವಾಗಲೂ ಅವಳ ಬೆರಳುಗಳು ಮಡಿಲಲ್ಲಿ ಇಲ್ಲದ ಬಟ್ಟೆಯೊಂದನ್ನು ಮಡಚುತ್ತಿರುತ್ತವೆ. ಹಾಗಾಗಿ ಮಗ ಲೀವೈಗೆ ಶಾಲೆಯ ಬದಲು ಮನೆಯಲ್ಲೇ ಪಾಠ ಎಂದು ತೀರ್ಮಾನವಾದಾಗ, ಇತಿಹಾಸವೂ ಮನೆಗೆಲಸದ ಜೊತೆಗೇ ಸಾಗಬೇಕಾಯಿತು.

ಇತಿಹಾಸ ಹೇಳುವವರು ಡಾಕ್ಟರ್ ಪಿಕೆಟ್. ಅವರನ್ನು ನಾವು ಯಾರೂ ನೋಡಿಲ್ಲ. ಎಂದೋ ಯಾವುದೋ ಕಾಲೇಜಿನಲ್ಲಿ ಅವರು ಮಾಡಿದ ಉಪನ್ಯಾಸಗಳ ಸಿ.ಡಿ.ಗಳು ಒಂದು ಪೆಟ್ಟಿಗೆ ತುಂಬ ಇವೆ. ಚಿಕ್ಕಮ್ಮನ ಗೆಳತಿಯೊಬ್ಬಳ ಮಕ್ಕಳು ಕೇಳಿ ಮುಗಿಸಿ ನಮಗೆ ದಾಟಿಸಿದ್ದು. ಪ್ಲೇಯರ್ ಇರುವುದು ಅಡುಗೆಮನೆಯಲ್ಲಿ, ಬ್ರೆಡ್ ಡಬ್ಬಿಯ ಪಕ್ಕ. ಈಜಿಪ್ಟ್ ಶುರುವಾದರೆ ಒಗೆದ ಬಟ್ಟೆ ಮಡಚಬೇಕು, ಗ್ರೀಸ್ ಬಂದರೆ ಕ್ಯಾರೆಟ್ ಹೆರೆಯಬೇಕು. ರೋಮ್ ಬಿದ್ದದ್ದು ಅಕ್ಟೋಬರಿನಲ್ಲಿ, ಹಿತ್ತಲಿನ ತಾಮ್ರದ ಕೊಪ್ಪರಿಗೆಯಲ್ಲಿ ಸೇಬು ಕುದಿಸಿ ಮಂದ ಮಾಡುವ ದಿನ. ಅಂದು ಪ್ಲೇಯರನ್ನು ಕಿಟಕಿಯಲ್ಲಿಟ್ಟಿದ್ದರು. ಪಾಠ ಮುಗಿದ ಮೇಲೆ ಕೇಳಿದ್ದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕೆಂಬುದು ಇಲ್ಲಿಯ ಮನೆಪಾಠದ ಮನೆಗಳಲ್ಲಿ ರೂಢಿ. ಲೀವೈ ಅದನ್ನೂ ಕೈಗೆಲಸ ಬಿಡದೆ ಹೇಳುತ್ತಿದ್ದ.

ಚಿಕ್ಕಮ್ಮ ತೆಪ್ಪಗೆ ಕೇಳುವವಳಲ್ಲ. ಮಾತು ಒಪ್ಪಿಗೆಯಾಗದಿದ್ದರೆ ಒದ್ದೆ ಮೊಣಕೈಯಿಂದ ಪ್ಲೇಯರಿನ ಬಾಯಿ ಮುಚ್ಚಿಸಿ ಡಾಕ್ಟರರೊಡನೆ ವಾದಕ್ಕಿಳಿಯುತ್ತಿದ್ದಳು. ಅವರು ಉತ್ತರ ಕೊಡಲಾರರಾದ್ದರಿಂದ ಪ್ರತಿ ಸಲವೂ ಅವಳೇ ಗೆಲ್ಲುತ್ತಿದ್ದಳು. ಹಾಲಿನ ಲಾರಿ ಓಡಿಸಿ ಸಂಜೆ ಮನೆಗೆ ಬಂದ ಚಿಕ್ಕಪ್ಪ ಎಲ್ವುಡ್, ಬೂಟು ಬಿಚ್ಚುತ್ತ ಕೇಳುವ ಮೊದಲ ಪ್ರಶ್ನೆ ಅದೇ.

"ಇವತ್ತು ಯಾರು ಗೆದ್ರೇ, ನೀನೋ ನಿನ್ನ ಡಾಕ್ಟ್ರೋ?"

ಇದೆಲ್ಲ ಹಿಡಿಸದಿದ್ದವರು ಚಿಕ್ಕಪ್ಪನ ತಾಯಿ, ಅಡಾ ಅಜ್ಜಿ. ಅವರು ಪೇಟೆಯ ಶಾಲೆಯಲ್ಲಿ ಟೀಚರಾಗಿ ನಿವೃತ್ತರಾದವರು. ಮಗು ಬೆಂಚಿನ ಮೇಲೆ ಕೂರದೆ ಕಲಿಯುವುದು ಹೇಗೆ ಎಂಬುದು ಅವರ ಚಿಂತೆ. ನಮ್ಮ ಪೆನ್ಸಿಲ್ವೇನಿಯಾದಲ್ಲಿ ಮನೆಪಾಠದ ಮಕ್ಕಳನ್ನು ಶಾಲಾ ವರ್ಷದ ಕೊನೆಗೆ ಪರೀಕ್ಷಕರೊಬ್ಬರು ಮಾತಾಡಿಸಿ ಒಪ್ಪಿಗೆ ಬರೆದುಕೊಡಬೇಕು. ಅವರು ಒಪ್ಪದಿದ್ದರೆ ಲೀವೈ ಹೊಸ ವರ್ಷದ ತರಗತಿ ಶುರುವಾಗುವ ಆಗಸ್ಟಿನಿಂದ ಶಾಲೆಗೆ ಹೋಗಬೇಕು ಎಂದು ಅಜ್ಜಿ ಮಗನಿಂದ ಮಾತು ತೆಗೆದುಕೊಂಡರು. ಮರುದಿನವೇ ನೀಲಿ ಬಣ್ಣದ ಸ್ಕೂಲ್ ಬ್ಯಾಗೊಂದನ್ನು ತಂದು ಬಾಗಿಲ ಮೊಳೆಗೆ ತೂಗುಹಾಕಿದರು. ಚಿಕ್ಕಮ್ಮ ಆ ಬಾಗಿಲನ್ನು ದಾಟುವಾಗೆಲ್ಲ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಪರೀಕ್ಷಕಿ ಮಿಸೆಸ್ ಸ್ಟಾಫರ್ ಬಂದದ್ದು ಜೂನಿನಲ್ಲಿ, ನಾನೂ ಅಲ್ಲೇ ಇದ್ದೆ. ಅಂದು ಚಿಕ್ಕಮ್ಮ ಒಂದು ತಪ್ಪು ಮಾಡಿದಳು. ಬೇರೆ ಮನೆಗಳಲ್ಲಿ ಅದು ತಪ್ಪೇ ಅಲ್ಲ. ಅಡುಗೆಮನೆಯನ್ನು ಚೊಕ್ಕಟ ಮಾಡಿದಳು. ಬಟಾಣಿ ಬುಟ್ಟಿಯನ್ನು ಹಿಂದಿನ ಜಗಲಿಗೆ ಸಾಗಿಸಿ, ಮೇಜನ್ನು ಹೊಳೆಯುವಂತೆ ಒರೆಸಿ, ಮಗನ ಕೈ ತೊಳೆಸಿ ಅದರ ಮುಂದೆ ಕೂರಿಸಿದಳು.

ಮಿಸೆಸ್ ಸ್ಟಾಫರ್ ಮೃದುವಾದ ಹೆಂಗಸು. ರೋಮ್ ಯಾಕೆ ಬಿತ್ತು ಎಂದು ಕೇಳಿದರು. ಲೀವೈ ತನ್ನ ಕೈಗಳನ್ನು ನೋಡಿಕೊಂಡ. ಯಾವಾಗ ಬಿತ್ತು ಎಂದು ಸುಲಭ ಮಾಡಿ ಕೇಳಿದರು.

"ಸೇಬು ಕುದಿಸಿದ್ ದಿನ," ಅಂದ ಅವನು.

ಇದನ್ನೇ ನೋಡಲು ಬಂದು ಕೂತಿದ್ದ ಅಜ್ಜಿ ಕಾಫಿ ಕಪ್ಪನ್ನು ಕೆಳಗಿಟ್ಟರು. ಚಿಕ್ಕಮ್ಮನ ಕಿವಿ ಕೆಂಪಾಯಿತು. ಮಿಸೆಸ್ ಸ್ಟಾಫರ್ ಇನ್ನೂ ಒಂದೆರಡು ಪ್ರಶ್ನೆ ಕೇಳಿದರು. ಲೀವೈಯ ಬೆರಳುಗಳು ಖಾಲಿ ಮೇಜಿನ ಮೇಲೆ ಏನನ್ನೋ ಹುಡುಕಿದವು. ಅವರು ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ ಚಿಕ್ಕಮ್ಮ ಎದ್ದು ಜಗಲಿಗೆ ಹೋದಳು. ಅಳಲು ಹೋದಳು ಎಂದುಕೊಂಡೆ. ಅವಳು ಬಟಾಣಿ ಬುಟ್ಟಿಯೊಂದಿಗೆ ಬಂದು ಅದನ್ನು ಆ ಹೊಳೆಯುವ ಮೇಜಿನ ನಡುವೆ ಕುಕ್ಕಿದಳು.

"ಸುಲಿಯೋ," ಅಂದಳು.

ಲೀವೈ ಒಂದು ಕಾಯಿ ಸುಲಿದ. ಎರಡನೆಯದು ಸುಲಿದ. ಆಮೇಲೆ ಗಂಟಲು ಸರಿಮಾಡಿಕೊಂಡು, ಡಾಕ್ಟರ್ ಪಿಕೆಟ್ ಕೆಮ್ಮುವಂತೆಯೇ ಕೆಮ್ಮಿ, ಶುರು ಮಾಡಿದ. ನಾಣ್ಯದಲ್ಲಿ ಬೆಳ್ಳಿ ಕಡಿಮೆಯಾದದ್ದು, ಕಾಯಲಾಗದಷ್ಟು ಗಡಿ ಉದ್ದವಾದದ್ದು, ಸೇನಾಪತಿಗಳು ತಮ್ಮತಮ್ಮಲ್ಲೇ ಹೊಡೆದಾಡಿದ್ದು ಎಲ್ಲವನ್ನೂ ಡಾಕ್ಟರರ ಹೆಸರೆತ್ತಿಯೇ ಹೇಳಿದ. ಡಾಕ್ಟರರು ನೀರು ಕುಡಿಯಲು ನಿಲ್ಲಿಸುವ ಕಡೆ ತಾನೂ ನಿಲ್ಲಿಸಿದ. ಮಿಸೆಸ್ ಸ್ಟಾಫರ್ ಕೇಳುತ್ತ ಕೇಳುತ್ತ ತಾವೂ ಒಂದು ಕಾಯಿ ಕೈಗೆತ್ತಿಕೊಂಡರು.

"ಇದು ನಿಮ್ಮ ಡಾಕ್ಟರು ಹೇಳಿದ್ದಾಯ್ತು. ನಿಂಗೇನನ್ಸುತ್ತೆ, ಮರಿ?"

ಅಜ್ಜಿ ಮುಂದಕ್ಕೆ ಬಾಗಿದರು. ಅವರಿಗೆ ಬೇಕಿದ್ದ ಪ್ರಶ್ನೆ ಅದು.

"ನಮ್ಮಮ್ಮ ಡಾಕ್ಟ್ರ ಹತ್ರ ಜಗಳ ಆಡಿದ್ಲು. ರೋಮ್ ಬಿತ್ತು ಅಂತ ಅಲ್ಲಿ ಹೆಂಗಸ್ರಿಗೆ ಗೊತ್ತೇ ಆಗಿರಲ್ಲ, ಅವ್ರಿಗೆ ಅವತ್ತೂ ಅಡುಗೆ ಕೆಲ್ಸ ಇತ್ತು ಅಂದ್ಲು." ಲೀವೈ ಬುಟ್ಟಿಯಿಂದ ತಲೆ ಎತ್ತಲಿಲ್ಲ. "ಆದ್ರೆ ಅಮ್ಮ ಹೇಳಿದ್ದು ತಪ್ಪು. ಗೋಧಿ ಬರ್ತಿದ್ದಿದ್ದು ಆಫ್ರಿಕಾದಿಂದ, ಹಡಗಲ್ಲಿ. ಹಡಗು ನಿಂತ್ಹೋದ್ಮೇಲೆ ಬ್ರೆಡ್ ಡಬ್ಬಿ ಖಾಲಿ ಆಗುತ್ತೆ. ಅದಕ್ಕೇ ಅಡುಗೆಮನೇಲಿ ಇದ್ದೋರಿಗೇ ಮೊದ್ಲು ಗೊತ್ತಾಗಿರೋದು."

ಚಿಕ್ಕಮ್ಮ ಬಾಯಿ ತೆರೆದಳು. ಈ ಸಲ ಒತ್ತಿ ನಿಲ್ಲಿಸಲು ಎದುರಿಗಿದ್ದದ್ದು ಪ್ಲೇಯರ್ ಅಲ್ಲ. ಬಾಯಿ ಮುಚ್ಚಿಕೊಂಡಳು.

ಮಿಸೆಸ್ ಸ್ಟಾಫರ್ ಒಪ್ಪಿಗೆ ಬರೆದುಕೊಟ್ಟರು. ಹೊರಡುವಾಗ ಮಾತ್ರ, ಮುಂದಿನ ವರ್ಷ ಹುಡುಗನನ್ನು ಬಟಾಣಿ ಇಲ್ಲದೆಯೂ ಮಾತಾಡಿಸಬಹುದೇ ಎಂದು ಕೇಳಿದರು. ಅಜ್ಜಿ ಬ್ಯಾಗನ್ನು ಮೊಳೆಯಿಂದ ಇಳಿಸಿ, ಒಂದು ಹೊತ್ತಿನ ಅಡುಗೆಗೆ ಸಾಕಾಗುವಷ್ಟು ಬಟಾಣಿಯನ್ನು ಅದರಲ್ಲಿ ತುಂಬಿಕೊಂಡು ಮನೆಗೆ ಹೋದರು. ಸಂಜೆ ಚಿಕ್ಕಪ್ಪ ಬೂಟು ಬಿಚ್ಚುತ್ತ ಎಂದಿನಂತೆ ಯಾರು ಗೆದ್ದರೆಂದು ಕೇಳಿದ.

"ಲೀವೈ," ಅಂದಳು ಚಿಕ್ಕಮ್ಮ. ಅದರಲ್ಲಿ ಸ್ವಲ್ಪ ಸಿಟ್ಟೂ ಇತ್ತು.

ಈಗ ವಾರಕ್ಕೊಂದು ದಿನ ಕೈ ಖಾಲಿ ಇಟ್ಟುಕೊಂಡು ಪಾಠ ಕೇಳುವ ಅಭ್ಯಾಸ ನಡೆದಿದೆ. ತಾಯಿ ಮಗ ಇಬ್ಬರೂ ಸೋಫಾದಲ್ಲಿ, ಅಂಗೈ ತೊಡೆಯ ಮೇಲಿಟ್ಟು ಕೂರುತ್ತಾರೆ. ಲೀವೈ ಪರವಾಗಿಲ್ಲ, ಕಲಿಯುತ್ತಿದ್ದಾನೆ. ಚಿಕ್ಕಮ್ಮನ ವಿಷಯ ಹೇಳಬೇಕೆಂದರೆ, ಡಾಕ್ಟರ್ ಪಿಕೆಟ್ ಮೊದಲ ಸಲ ಕೆಮ್ಮುವ ಮೊದಲೇ ಅವಳಿಗೆ ಗೊರಕೆ ಬಂದಿರುತ್ತದೆ. ಆ ದಿನಗಳಲ್ಲಿ ಡಾಕ್ಟರರು ಹೇಳಬೇಕಾದ್ದನ್ನೆಲ್ಲ ಅಡ್ಡಿಯಿಲ್ಲದೆ ಹೇಳಿ ಮುಗಿಸುತ್ತಾರೆ.