ಕತ್ತರಿಸಿದ ಅಂಚು

ಸತ್ತವರ ದಾಖಲೆ ತಾನಾಗಿ ಉಳಿಯುವುದಿಲ್ಲ. ಯಾರಾದರೂ ಉಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಎಲ್ಲರಿಗೂ ಗೊತ್ತಿರಬೇಕಾದ ಈ ಮಾತು ಜ್ವರದ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ರಿಜಿಸ್ಟರು ಕಟ್ಟುವ ಅಂಟಪ್ಪನಿಗೆ ತಡವಾಗಿ ಗೊತ್ತಾಯಿತು.

ಅಂಟಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಬೆರಳ ಸಂದಿಯಲ್ಲಿ ಸದಾ ಒಣಗಿದ ಮೈದಾ ಅಂಟು, ಅದಕ್ಕೆ ಆ ಹೆಸರು. ಅವನ ಅಕ್ಕ ಇದೇ ಆಸ್ಪತ್ರೆಯಲ್ಲಿ ಸತ್ತಾಗ ಸೋಂಕಿನ ಭಯಕ್ಕೆ ಹೆಣ ಮನೆಗೆ ಕೊಡದೆ ಹಿಂದಿನ ಬಯಲಲ್ಲಿ ಹೂತಿದ್ದರು. ಅಕ್ಕನ ಹಸುಗೂಸನ್ನು ಅವನೇ ಎತ್ತಿ ಬೆಳೆಸಿದ. ಆ ಹುಡುಗಿ ಈಗಷ್ಟೇ ಸಂಶೋಧನೆಗೆ ಸೇರಿದ್ದಳು. ಅಷ್ಟರಲ್ಲಿ ಸುದ್ದಿ ಬಂತು: ಬಯಲಲ್ಲಿ ಹೊಸ ಕಟ್ಟಡ ಏಳುತ್ತದಂತೆ. ಗುಂಡಿಯ ಗುರುತು ತಂದವರಿಗೆ ಮೂಳೆ ಕೊಡುತ್ತಾರಂತೆ. ಉಳಿದದ್ದನ್ನೆಲ್ಲ ಯಂತ್ರದಿಂದ ಬಾಚಿ ಒಂದೇ ಹಳ್ಳಕ್ಕೆ ಸುರಿಯುತ್ತಾರಂತೆ.

ಹುಡುಗಿ ಮೊದಲು ಪತ್ರಿಕಾ ಕಚೇರಿಗೆ ಹೋದಳು. ಹಳೆಯ ಸಂಚಿಕೆಗಳಲ್ಲಿ ಸತ್ತವರ ಸಂಖ್ಯೆಯಿತ್ತು, ಹೆಸರಿರಲಿಲ್ಲ. ಪತ್ರಿಕೆ ಕಾಪಾಡುವುದು ತಾನು ಅಚ್ಚು ಹಾಕಿದ್ದನ್ನಷ್ಟೇ. ಸರ್ಕಾರಿ ಪತ್ರಾಗಾರದಲ್ಲಿ ಆರೋಗ್ಯ ಇಲಾಖೆಯ ಕಡತ ಸಿಕ್ಕಿತು. ಅಲ್ಲಿ ಹೆಸರಿತ್ತು, ಎದುರಿಗೆ ‘ವಿಲೇವಾರಿ ಆಗಿದೆ’ ಎಂಬ ಷರಾ ಇತ್ತು. ಎಲ್ಲಿ ಅಂತ ಇಲಾಖೆ ಯಾಕೆ ಬರೆದುಕೊಳ್ಳುತ್ತದೆ? ಅದರ ಕೆಲಸ ಮುಗಿದಿತ್ತು. ಮನೆಯ ಟ್ರಂಕೂ ಒಂದು ಪತ್ರಾಗಾರವೇ. ಅದರಲ್ಲಿ ಅಮ್ಮನದೊಂದು ಫೋಟೊ, ಅಷ್ಟೆ. ಇನ್ನು ಉಳಿದದ್ದು ಆಸ್ಪತ್ರೆಯದೇ ಸಂಗ್ರಹ.

“ಮಾಮ, ಹೂಳೋರು ಗುಂಡಿ ನಂಬರ್ ಬರ್ಕೊಳ್ತಿದ್ರಂತೆ. ಅದು ಇಲಾಖೆಗೆ ಹೋಗಿಲ್ಲ. ಇದ್ರೆ ನಿನ್ನ ಕೋಣೇಲೇ ಇರ್ಬೇಕು.”

“ನನ್ನ ಕೋಣೇಲಿದ್ರೆ ಮುಗೀತಲ್ಲ,” ಅಂದ ಅಂಟಪ್ಪ. “ಒಂದು ಹಾಳೆ ಕಳೆದಿಲ್ಲ. ನಿನ್ನ ಕಾಲೇಜಿನೋರು ಬಂದು ನೋಡಿ ಕಲೀಲಿ.”

ಜಂಬ ಸುಮ್ಮನೆ ಬಂದದ್ದಲ್ಲ. ಹೊಸ ಕಬ್ಬಿಣದ ಕಪಾಟು ಬಂದಾಗ ಬೇರೆ ಬೇರೆ ಉದ್ದಗಲದ ಹಳೆಯ ರಿಜಿಸ್ಟರುಗಳು ಅದರೊಳಗೆ ಕೂರಲಿಲ್ಲ. ಎಲ್ಲವನ್ನೂ ಒಂದೇ ಅಳತೆಗೆ ತರುವಂತೆ ಆಸ್ಪತ್ರೆಯ ಸಾಹೇಬರ ಅಪ್ಪಣೆಯಾಯಿತು. ಅಂಟಪ್ಪ ಮೂರು ಕಡೆ ಕತ್ತರಿಸಿ, ಬಟ್ಟೆಯ ಬೆನ್ನು ಹಾಕಿ, ಸಾಲಾಗಿ ಜೋಡಿಸಿದ. ನೋಡಲು ಬಂದವರೆಲ್ಲ ಸಾಹೇಬರನ್ನು ಹೊಗಳಿ ಹೋದರು. ಬೈಂಡರನ ಕಣ್ಣಿಗೆ ಅಂಚು ಎಂದರೆ ಕತ್ತರಿಸಲೆಂದೇ ಬಿಟ್ಟ ಜಾಗ.

ಹುಡುಗಿ ಆ ವರ್ಷದ ಸಾವಿನ ರಿಜಿಸ್ಟರು ತೆರೆದಳು. ಅಮ್ಮನ ಹೆಸರು ಸಿಕ್ಕಿತು. ಸಾಲು ಮುಗಿದ ಮೇಲೆ, ಅಂಚಿನಲ್ಲಿ, ಪೆನ್ಸಿಲಿನಲ್ಲಿ ‘ಗುಂಡಿ’ ಎಂದಿತ್ತು. ಆಮೇಲೆ, ನಂಬರ್ ಇರಬೇಕಾದ ಕಡೆ, ಹಾಳೆಯೇ ಇರಲಿಲ್ಲ.

ಪುಟ ತಿರುವಿದಳು. ಎಲ್ಲ ಹೆಸರುಗಳ ಮುಂದೂ ಗುಂಡಿ, ಗುಂಡಿ, ಗುಂಡಿ. ಅಂಟಪ್ಪ ನುಣುಪಾದ ಅಂಚಿನ ಮೇಲೆ ಬೆರಳಾಡಿಸಿದ. ತನ್ನ ಕೈಕೆಲಸದ ಗುರುತು ಅವನಿಗೆ ಸಿಗದಿರುತ್ತದೆಯೇ?

“ಕತ್ತರಿಸಿದ ಚೂರು ಏನ್ಮಾಡ್ದೆ ಮಾಮ?”

“ಅಂಟು ಕಾಯಿಸೋಕೆ ಒಲೆಗೆ ಹಾಕ್ದೆ.” ಅಂಚಿನಿಂದ ಬೆರಳು ತೆಗೆದು ಹೇಳಿದ: “ಹಳೇ ಕಾಗದ ನೋಡು, ಚೆನ್ನಾಗಿ ಉರೀತು.”

ಅವಳು ರಿಜಿಸ್ಟರು ಮುಚ್ಚಿಟ್ಟಳು. ಬಯ್ದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಯಂತ್ರ ಬಯಲನ್ನು ಬಾಚುವಾಗ ಇಬ್ಬರೂ ಬೇಲಿಯಾಚೆ ನಿಂತು ನೋಡಿದರು. ಯಾವ ಮೂಳೆಯನ್ನು ಅಮ್ಮನದೆನ್ನಬೇಕೆಂದು ಅವಳಿಗೆ ತಿಳಿಯಲಿಲ್ಲ. ಆಮೇಲೆ ಅಂಟಪ್ಪನಿಗೆ ಕತ್ತರಿಸುವ ಯಂತ್ರದ ಮುಂದೆ ಕೈ ಏಳಲಿಲ್ಲ. ಸಾಹೇಬರು ಬೇರೆ ಬೈಂಡರನನ್ನು ಕರೆಸಿಕೊಂಡರು.

ಆ ಸಾಹೇಬರಿಗೆ ಕಪಾಟಿನ ಅಳತೆ ಗೊತ್ತಿತ್ತು. ಹಾಳೆಯಲ್ಲಿ ಏನಿದೆಯೆಂದು ಅವರು ಒಮ್ಮೆಯೂ ಬಗ್ಗಿ ನೋಡಲಿಲ್ಲ. ಹೊಸ ಬೈಂಡರ್ ಈಗಲೂ ಕತ್ತರಿಸುತ್ತಿದ್ದಾನೆ. ದಾಖಲೆ ಹುಡುಕಲು ಹೊರಟವರೇ, ಓದುವ ಮೇಜಿಗೆ ಕೂರುವ ಮೊದಲು ನಿಮ್ಮೂರಿನ ದಾಖಲೆ ಕೋಣೆಗೆ ಹೋಗಿ. ಇಲ್ಲಿ ಏನು ಕತ್ತರಿಸುತ್ತಿದ್ದೀರಿ, ಏನು ಸುಡುತ್ತಿದ್ದೀರಿ, ಯಾರ ಅಪ್ಪಣೆಯ ಮೇಲೆ ಎಂದು ಕೇಳಿ. ಅವರು ಉತ್ತರ ಬರೆದು ಕೊಡುವವರೆಗೆ ಅಲ್ಲಿಂದ ಏಳಬೇಡಿ.