ಸೋನುಬಾಯಿಯ ಮೂರು ಹೊಂಡ

“ಸೋನಕ್ಕಾ, ಇವತ್ತ ನೀರು ಬಿಡಲಿಲ್ಲಂದ್ರ ನನ್ನ ಮೆಂತ್ಯೆ ಒಣಗಿ ಹೋಗ್ತದ ನೋಡು!”

ಬೇಲಿಯಾಚೆಯಿಂದ ಧೂಳಮ್ಮ ಕೂಗುತ್ತಾರೆ. ಮೋರಖಂಡಿ ಹಳ್ಳಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಎಮ್ಮೆ ಕೊಟ್ಟಿಗೆಯ ಹಿಂದೆ ಕುಕ್ಕರಗಾಲಲ್ಲಿ ಕುಳಿತ ಸೋನುಬಾಯಿ ಒದ್ದೆ ಬಟ್ಟೆಯ ಗಂಟು ಬಿಚ್ಚುತ್ತಾರೆ. ಒಳಗೆ ಹೊಂಡದ ನೀರಲ್ಲಿ ನೆನೆಸಿ ಕಟ್ಟಿಟ್ಟ ಹೆಸರುಕಾಳು. ಒಂದೂ ಮೊಳೆತಿಲ್ಲ.

“ಅಯ್ಯವ್ವ! ಏಳ್ ವರ್ಷದಾಗ ಹಿಂಗ ಆಗಿದ್ದಿಲ್ಲ್ರಿ.” ವರದಿಗೆಂದು ಬಂದ ನನ್ನತ್ತ ಆ ಗಂಟನ್ನು ಚಾಚುತ್ತಾರೆ.

ಇಲ್ಲಿನ ಮೂವತ್ತೆರಡು ಎಮ್ಮೆಗಳ ಹಾಲು ಬಸವಕಲ್ಯಾಣ, ಹುಮನಾಬಾದಿಗೆ ಹೋಗುತ್ತದೆ. ಕೊಟ್ಟಿಗೆ ತೊಳೆದ ನೀರು, ದಿನಕ್ಕೆ ಎರಡು ಸಾವಿರ ಲೀಟರ್, ಕೆಲಸದಾಳು ಸೋನುಬಾಯಿಯ ಜವಾಬ್ದಾರಿ. ಮೊದಲ ಹೊಂಡದಲ್ಲಿ ತಳಕ್ಕಿಳಿದ ರಾಡಿ ಒಣಗಿ ಗೊಬ್ಬರವಾಗುತ್ತದೆ. ಎರಡನೆಯದರಲ್ಲಿ ತೇಲುವ ಅಜೋಲಾ ಎಂಬ ಪಾಚಿಯಂಥ ಸಸ್ಯ ನೀರಿನ ಸತ್ವ ಹೀರಿ ಬೆಳೆದು ಎಮ್ಮೆಗಳ ಬಾಯಿಗೇ ಮರಳುತ್ತದೆ. ಮೂರನೆಯದರ ತಿಳಿನೀರು ಧೂಳಮ್ಮನ ಕಾಯಿಪಲ್ಲೆಗೆ. ಅದೂ ಕಾಳು ಮೊಳೆತರೆ ಮಾತ್ರ.

ಈ ಪರೀಕ್ಷೆ ಯಾರೂ ಕಲಿಸಿದ್ದಲ್ಲ. “ಮೊದಲ ವರ್ಷ ಗಂಜಲದ ನೀರು ಹಂಗs ಬಿಟ್ಟೆರಿ. ಎರಡ ದಿನಕ್ಕ ಧೂಳಮ್ಮನ ಬದನಿ ಎಲ್ಲಾ ಸುಟ್ಟು ಕರ್ರಗಾತು. ಬಿಟ್ಟ ಕೈ ನಂದs.” ಊರಲ್ಲಿ ಅವರಿಗೆ ‘ಗಂಜಲಬಾಯಿ’ ಎಂಬ ಹೆಸರೂ ಇದೆ. “ಅನ್ಲಿ ಬಿಡ್ರಿ. ಅವ್ರ ತಾಟಿನಾಗಿನ ಪಲ್ಲೆ ನನ್ನ ನೀರs ಕುಡದು ಬೆಳದದ!”

ಅಷ್ಟರಲ್ಲಿ ಮಾಲೀಕ ದಿಲೀಪ ನಗುತ್ತ ಬರುತ್ತಾರೆ. “ಕೊಟಗಿ ಹ್ಯಾಂಗದ ನೋಡ್ರಿ! ಪೇಪರ್‌ನವ್ರು ಬರ್ತಾರಂತ, ನಮ್ಮ ಸೋನು ಮಾವಶಿ ಮೊನ್ನೆ ಹುಲಸೂರಿಗೆ ಹೋದಾಗ ಎರಡು ಕ್ಯಾನ್ ಫಿನಾಯಿಲ್ ಹಾಕಿ ತೊಳಿಸೀನಿ.”

ನನ್ನ ಪೆನ್ನು ನಿಂತುಬಿಡುತ್ತದೆ. ನಾನು ಬರುವ ಸುದ್ದಿಯೇ ಇಷ್ಟು ಮಾಡಿತೆ!

“ಫಿನಾಯಿಲ್ಲಾ?” ಸೋನುಬಾಯಿ ಎದ್ದು ನಿಲ್ಲುತ್ತಾರೆ. “ಸಾವ್ಕಾರ್ರ, ಹೊಂಡದಾಗ ಜೀವ ಇರ್ತಾವ್ರಿ! ಎಲ್ಲಾ ಕೊಂದ್ರಿ!”

ಹೌದು, ಹಸಿರಾಗಿರಬೇಕಾದ ಅಜೋಲಾ ಬೇಯಿಸಿದ ಸೊಪ್ಪಿನಂತೆ ಕಂದಿದೆ.

“ಈ ನೀರು ಬಿಟ್ಟಿದ್ರ ನನ್ನ ಮೆಂತ್ಯೆನೂ ಸುಡ್ತಿತ್ತೇನs ಯಕ್ಕಾ?” ಧೂಳಮ್ಮನ ದನಿ ಇಳಿದಿದೆ.

“ಹೂಂ ಮತ್ತ.” ಸೋನುಬಾಯಿ ಕೊನೆಯ ಹೊಂಡದ ಬಾಯಿಗೆ ಗೋಣಿಚಿಂದಿ ತುರುಕುತ್ತಾರೆ.

ದಿಲೀಪರ ಮುಖ ಬಿಳಿಚಿದೆ. “ಈಗೇನ್ ಮಾಡೂದು, ಮಾವಶಿ?”

“ಎಲ್ಲಾ ಖಾಲಿ ಮಾಡಿ, ಬೇಮಳಖೇಡದಾಗ ಇಂಥದs ಹೊಂಡ ಅದ, ಅಲ್ಲಿಂದ ರಾಡಿ ತಂದು ಹೆಪ್ಪು ಹಾಕಬೇಕ್ರಿ, ಹಾಲಿಗೆ ಹಾಕಿದಂಗ. ತಿಂಗಳು ಹಿಡೀತದ, ನಾ ಎಬ್ಬಸ್ತೀನಿ. ಅಲ್ಲೀತನಕ ನಿಮ್ಮ ಬೋರಿನ ನೀರು ಈಕಿಗಿ ಬಿಡ್ರಿ. ಇಷ್ಟs ಕೇಳೂದು.”

ದಿಲೀಪ ಹೋಗಿ ಬೋರಿನ ಪೈಪನ್ನು ಬೇಲಿಯ ಕಡೆ ತಿರುಗಿಸುತ್ತಾರೆ. ಮೆಂತ್ಯೆಯ ಮಡಿಗೆ ನೀರು ಹರಿಯುವುದನ್ನು ನೋಡಲು ಧೂಳಮ್ಮ ನಿಲ್ಲುವುದಿಲ್ಲ. ಬೇಲಿ ದಾಟಿ ಬಂದು, ಸೀರೆ ಎತ್ತಿ ಕಟ್ಟಿ, ಸತ್ತ ಅಜೋಲಾವನ್ನು ಬೊಗಸೆಯಲ್ಲಿ ಬಾಚಿ ಬುಟ್ಟಿಗೆ ಹಾಕತೊಡಗುತ್ತಾರೆ.